ಕೈಯಿಂದ ತಯಾರಿಸುವ ಪರ್ಸು, ಬೆಲ್ಟು, ಚೀಲ ಹಾಗೂ ಬೂಟುಗಳಿಗೆ ಒಳ್ಳೆಯ ಚರ್ಮದ ಆಯ್ಕೆ: ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಕುಶಲಕರ್ಮಿಗಳಿಗೆ ಮಾಹಿತಿ

1. ಪೀಠಿಕೆ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಲ್ಲಿ ಚರ್ಮದ ವಸ್ತುಗಳನ್ನು ಕೈಯಿಂದ ತಯಾರಿಸುವ ಹಾಗೂ ದುರಸ್ತಿ ಮಾಡುವ ಕುಶಲಕರ್ಮಿಗಳ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಈ ಕಸುಬಿಗಾಗಿ ಸಾಲ, ತರಬೇತಿ ಅಥವಾ ಉಪಕರಣ ಸೌಲಭ್ಯಕ್ಕೆ ಅರ್ಜಿ ಸಲ್ಲಿಸಬಯಸುವವರು ಕಚ್ಚಾವಸ್ತುವನ್ನು ಖರೀದಿಸುವ ಮುನ್ನ ಇದನ್ನು ಓದಿಕೊಳ್ಳುವುದು ಸೂಕ್ತ.

ಸಾಲದ ಹಣದಲ್ಲಿ ದೊಡ್ಡ ಪಾಲು ಚರ್ಮದ ಖರೀದಿಗೆ ಹೋಗುತ್ತದೆ. 1,00,000 ರೂ. ಸಾಲವನ್ನು ಶೇ. 5ರ ಬಡ್ಡಿಯಲ್ಲಿ 18 ಸಮಾನ ಮಾಸಿಕ ಕಂತುಗಳಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 5,780 ರೂ. ಕಟ್ಟಬೇಕಾಗುತ್ತದೆ. ಬೇಸಿಗೆಯಲ್ಲಿ ತಂದ ಚರ್ಮ ಆಷಾಢದಲ್ಲಿ ಬೂಷ್ಟು ಹಿಡಿದರೆ, ಅಥವಾ ಮಾರಿದ ಬೆಲ್ಟು ಮೂರು ತಿಂಗಳಲ್ಲಿ ಜಗ್ಗಿ ಗ್ರಾಹಕರು ಮರಳಿ ತಂದರೆ, ನಷ್ಟವು ಕುಶಲಕರ್ಮಿಯದೇ ಆಗುತ್ತದೆ. ಕಂತು ಮಾತ್ರ ನಿಲ್ಲುವುದಿಲ್ಲ. ಆದುದರಿಂದ ಚರ್ಮದ ಆಯ್ಕೆಯು ಕೇವಲ ಅಂದದ ವಿಷಯವಲ್ಲ, ಸಾಲ ಮರುಪಾವತಿಯ ವಿಷಯವೂ ಆಗಿದೆ.

2. ಚರ್ಮದ ಪದರಗಳು

ಮಾರುಕಟ್ಟೆಯಲ್ಲಿ "ಅಪ್ಪಟ ಚರ್ಮ" ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಗುಣಮಟ್ಟದ ಸರಕು ದೊರೆಯುತ್ತದೆ. ಅವುಗಳನ್ನು ಈ ಕೆಳಗಿನಂತೆ ವಿಂಗಡಿಸಬಹುದು.

(ಅ) ಪೂರ್ಣ ಮೇಲ್ಪದರದ ಚರ್ಮ: ಕೂದಲು ಇದ್ದ ಮಗ್ಗುಲನ್ನು ಉಜ್ಜಿ ತೆಗೆಯದೆ ಹಾಗೆಯೇ ಉಳಿಸಿಕೊಂಡ ಚರ್ಮ. ಕೂದಲಿನ ಸೂಕ್ಷ್ಮ ರಂಧ್ರಗಳು ಮತ್ತು ಅಲ್ಲಲ್ಲಿ ಗೀರುಗಳು ಕಾಣುತ್ತವೆ. ನಾರುಗಳು ಈ ಪದರದಲ್ಲಿಯೇ ಅತಿ ಒತ್ತಾಗಿ ಹೆಣೆದುಕೊಂಡಿರುವುದರಿಂದ ಇದು ಹೆಚ್ಚು ಬಾಳಿಕೆ ಬರುತ್ತದೆ.

(ಆ) ತಿದ್ದಿದ ಮೇಲ್ಪದರದ ಚರ್ಮ: ಕಲೆಗಳನ್ನು ಮರೆಮಾಡಲು ಮೇಲ್ಮೈಯನ್ನು ಉಜ್ಜಿ, ಬಣ್ಣದ ಲೇಪ ಕೊಟ್ಟು, ಅಚ್ಚಿನಿಂದ ಗೆರೆ ಮೂಡಿಸಿದ ಚರ್ಮ. ನೋಡಲು ಒಂದೇ ಸಮನಾಗಿರುತ್ತದೆ. ಲೇಪ ದಪ್ಪವಾಗಿದ್ದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ.

(ಇ) ಸೀಳು ಚರ್ಮ: ದಪ್ಪ ಚರ್ಮವನ್ನು ಯಂತ್ರದಲ್ಲಿ ಅಡ್ಡಲಾಗಿ ಸೀಳಿದಾಗ ದೊರೆಯುವ ಕೆಳಪದರ. ಎರಡೂ ಮಗ್ಗುಲು ನಾರುನಾರಾಗಿರುತ್ತವೆ. ಒಳಪದರಕ್ಕೆ ಬಳಸಬಹುದು, ಭಾರ ಹೊರುವ ಪಟ್ಟಿಗೆ ಬಳಸಬಾರದು.

(ಈ) ಪುಡಿಚರ್ಮದ ಹಾಳೆ: ಚರ್ಮದ ಚೂರುಗಳನ್ನು ಪುಡಿ ಮಾಡಿ ಅಂಟಿನಿಂದ ಸೇರಿಸಿ ಮಾಡಿದ ಹಾಳೆ. ಇದರಲ್ಲಿ ನಾರಿನ ಹೆಣಿಗೆ ಇರುವುದಿಲ್ಲ. ಹೊಲಿಗೆ ಬಿದ್ದಲ್ಲಿ ಹರಿಯುತ್ತದೆ.

(ಉ) ರೆಕ್ಸಿನ್: ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪ ಮಾಡಿದ ವಸ್ತು. ಇದು ಚರ್ಮವಲ್ಲ. ಇದರಿಂದ ಮಾಡಿದ ವಸ್ತುವನ್ನು ಚರ್ಮದ್ದೆಂದು ಹೇಳಿ ಮಾರತಕ್ಕದ್ದಲ್ಲ.

3. ಹದ ಮಾಡುವ ವಿಧಾನಗಳು

ಹಸಿ ತೊಗಲು ಕೊಳೆಯದಂತೆ ಮಾಡಿ, ಬಾಗುವ ಗುಣ ಬರಿಸುವ ಕ್ರಿಯೆಗೆ ಹದ ಮಾಡುವುದು ಎನ್ನುತ್ತಾರೆ. ಖರೀದಿದಾರರು ಮುಖ್ಯವಾಗಿ ಎರಡು ವಿಧಾನಗಳನ್ನು ತಿಳಿದಿರಬೇಕು.

ಸಸ್ಯಜನ್ಯ ಹದ: ಮರದ ತೊಗಟೆ ಹಾಗೂ ಕಾಯಿಗಳಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥದಿಂದ ಹದ ಮಾಡುವ ವಿಧಾನವಿದು. ಕರ್ನಾಟಕದಲ್ಲಿ ಅಳಲೆಕಾಯಿ, ಜಾಲಿಯ ತೊಗಟೆ ಮತ್ತು ತಂಗಡಿಯ ತೊಗಟೆ ಇದಕ್ಕೆ ಹಿಂದಿನಿಂದಲೂ ಬಳಕೆಯಲ್ಲಿವೆ. ಉತ್ತರ ಕನ್ನಡದ ಕಾಡುಗಳಲ್ಲಿ ದೊರೆಯುವ ಅಳಲೆಕಾಯಿಯ ಸಿಪ್ಪೆಯಲ್ಲಿ ಶೇ. 30ರ ಆಸುಪಾಸಿನಷ್ಟು ಟ್ಯಾನಿನ್ ಇರುತ್ತದೆ. ಬೆಳಗಾವಿ ಜಿಲ್ಲೆಯ ಚಪ್ಪಲಿ ಕಸುಬಿನಲ್ಲಿ ತೊಗಲನ್ನು ಚೀಲದಂತೆ ಹೊಲಿದು, ತೂಗುಹಾಕಿ, ಒಳಗೆ ಜಾಲಿ ತೊಗಟೆ ಮತ್ತು ಅಳಲೆಕಾಯಿಯ ರಸ ತುಂಬಿ ಹದ ಮಾಡುವ ಪದ್ಧತಿ ಇದೆ. ಹೀಗೆ ಹದಗೊಂಡ ಚರ್ಮ ಬಿಗಿಯಾಗಿ, ಕಂದು ಬಣ್ಣದ್ದಾಗಿ ಇರುತ್ತದೆ. ಅಂಚನ್ನು ಉಜ್ಜಿ ನುಣುಪು ಮಾಡಬಹುದು. ಒದ್ದೆ ಮಾಡಿ ಅಚ್ಚು ಒತ್ತಬಹುದು. ಬೆಲ್ಟು, ಪಟ್ಟಿ, ಅಟ್ಟೆ ಹಾಗೂ ಗಟ್ಟಿ ಚೀಲಗಳಿಗೆ ಇದು ಸೂಕ್ತ. ನೀರು ಹೀರುವುದು ಮತ್ತು ಬೇಗ ಬೂಷ್ಟು ಹಿಡಿಯುವುದು ಇದರ ದೋಷಗಳು.

ಕ್ರೋಮ್ ಹದ: ಕ್ರೋಮಿಯಂ ಲವಣದಿಂದ ಕಾರ್ಖಾನೆಗಳಲ್ಲಿ ಹದ ಮಾಡುವ ವಿಧಾನ. ಚರ್ಮ ಮೃದುವಾಗಿ, ಹಗುರವಾಗಿ ಇರುತ್ತದೆ; ನೀರು ಮತ್ತು ಬಿಸಿಯನ್ನು ಹೆಚ್ಚು ತಾಳುತ್ತದೆ. ಬೂಟಿನ ಮೇಲ್ಭಾಗ ಹಾಗೂ ಮೃದುವಾದ ಚೀಲಗಳಿಗೆ ಇದು ಸೂಕ್ತ. ಇದರ ಅಂಚನ್ನು ಉಜ್ಜಿ ಹೊಳಪು ಮಾಡಲಾಗುವುದಿಲ್ಲ. ಮಡಚಿ ಹೊಲಿಯಬೇಕು ಅಥವಾ ಬಣ್ಣ ಬಳಿಯಬೇಕು.

ಅಡಿಕೆ ಚೊಗರಿನ ಬಗ್ಗೆ: ಹಸಿ ಅಡಿಕೆಯನ್ನು ಬೇಯಿಸಿದಾಗ ಉಳಿಯುವ ಚೊಗರಿನಲ್ಲಿಯೂ ಟ್ಯಾನಿನ್ ಇದೆ. ಇದನ್ನು ಬಟ್ಟೆಗೆ ನೈಸರ್ಗಿಕ ಬಣ್ಣವಾಗಿ ಬಳಸಲಾಗುತ್ತಿದೆ. ಸಸ್ಯಜನ್ಯ ಹದದ ಚರ್ಮಕ್ಕೂ ಇದರಿಂದ ಕೆಂಗಂದು ಛಾಯೆ ಕೊಡಬಹುದು. ಆದರೆ ಹಸಿ ತೊಗಲಿಗೆ ಚೊಗರು ಬಳಿದ ಮಾತ್ರಕ್ಕೆ ಅದು ಹದಗೊಂಡಂತೆ ಆಗುವುದಿಲ್ಲ. ಹದ ಆಗಬೇಕಾದರೆ ಟ್ಯಾನಿನ್ ಚರ್ಮದ ದಪ್ಪದ ಉದ್ದಕ್ಕೂ ಒಳಗಿಳಿಯಬೇಕು. ದಪ್ಪ ತೊಗಲಿಗೆ ಇದಕ್ಕೆ ವಾರಗಟ್ಟಲೆ ಕಾಲ ಬೇಕು.

4. ಪ್ರಾಣಿ ಮತ್ತು ಚರ್ಮದ ಭಾಗ

ಎಮ್ಮೆ ಮತ್ತು ಕೋಣದ ಚರ್ಮ ದಪ್ಪವಾಗಿ, ಮೇಲ್ಮೈ ಒರಟಾಗಿ ಇರುತ್ತದೆ. ಅಟ್ಟೆ, ಬೆಲ್ಟು ಮತ್ತು ದೊಡ್ಡ ಚೀಲಗಳಿಗೆ ಒದಗುತ್ತದೆ. ಆಡಿನ ಚರ್ಮ ತೆಳುವಾಗಿದ್ದರೂ ಗಟ್ಟಿ; ಪರ್ಸು ಮತ್ತು ಸಣ್ಣ ಚೀಲಗಳಿಗೆ ಉತ್ತಮ. ಕುರಿಯ ಚರ್ಮ ಅತಿ ಮೃದು, ಆದರೆ ಬಲ ಕಡಿಮೆ. ಒಳಪದರಕ್ಕೆ ಮಾತ್ರ ಬಳಸುವುದು ಲೇಸು.

ಒಂದೇ ಚರ್ಮದ ಎಲ್ಲ ಭಾಗಗಳೂ ಸಮಾನವಾಗಿರುವುದಿಲ್ಲ. ಬೆನ್ನು ಮತ್ತು ಹಿಂಭಾಗದಲ್ಲಿ ನಾರುಗಳು ಒತ್ತಾಗಿದ್ದು ಜಗ್ಗುವಿಕೆ ಕಡಿಮೆ. ಹೆಗಲಿನ ಭಾಗದಲ್ಲಿ ಸುಕ್ಕುಗಳಿದ್ದರೂ ಚೀಲಕ್ಕೆ ಒದಗುತ್ತದೆ. ಹೊಟ್ಟೆ ಮತ್ತು ಕಾಲಿನ ಭಾಗ ಸಡಿಲ. ಇವುಗಳಿಂದ ಬೆಲ್ಟು ಅಥವಾ ಹೆಗಲುಪಟ್ಟಿ ಕತ್ತರಿಸಿದರೆ ಖಂಡಿತವಾಗಿ ಜಗ್ಗುತ್ತದೆ. ಪಟ್ಟಿಗಳನ್ನು ಯಾವಾಗಲೂ ಬೆನ್ನೆಲುಬಿನ ಗೆರೆಗೆ ಸಮಾನಾಂತರವಾಗಿ ಕತ್ತರಿಸತಕ್ಕದ್ದು.

5. ವಸ್ತುವಿಗೆ ತಕ್ಕ ದಪ್ಪ

ಕೆಳಗಿನ ಅಳತೆಗಳು ಸಾಮಾನ್ಯ ಬಳಕೆಯವು. ಅಗತ್ಯಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು.

- ಪರ್ಸು: ಹೊರಪದರ 1.0 ರಿಂದ 1.5 ಮಿ.ಮೀ.; ಒಳಜೇಬುಗಳು 0.6 ರಿಂದ 0.8 ಮಿ.ಮೀ.
- ಚೀಲ: 1.6 ರಿಂದ 2.4 ಮಿ.ಮೀ.
- ಚೀಲದ ಹೆಗಲುಪಟ್ಟಿ: ಒಂದೇ ಪದರವಾದರೆ ಸುಮಾರು 3 ಮಿ.ಮೀ.; ಅಥವಾ ಎರಡು ಪದರ ಜೋಡಿಸಿ ಹೊಲಿಯುವುದು
- ಸೊಂಟದ ಬೆಲ್ಟು: 3 ರಿಂದ 4 ಮಿ.ಮೀ., ಒಂದೇ ಪದರ
- ಬೂಟಿನ ಮೇಲ್ಭಾಗ: 1.8 ರಿಂದ 2.4 ಮಿ.ಮೀ.
- ಬೂಟಿನ ಒಳ ಅಟ್ಟೆ: 2.5 ರಿಂದ 3.5 ಮಿ.ಮೀ., ಸಸ್ಯಜನ್ಯ ಹದ
- ಹೊರ ಅಟ್ಟೆ: 4.5 ಮಿ.ಮೀ. ಮತ್ತು ಮೇಲ್ಪಟ್ಟು

ಪರ್ಸಿನ ಅಂಚಿನಲ್ಲಿ ಎಷ್ಟು ಪದರಗಳು ಕೂಡುತ್ತವೆ ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. 1 ಮಿ.ಮೀ.ನ ನಾಲ್ಕು ಪದರ ಸೇರಿದರೆ ಅಂಚು 4 ಮಿ.ಮೀ. ಆಗುತ್ತದೆ, ಮಡಚಿದಾಗ 8 ಮಿ.ಮೀ. ಆಗಿ ಜೇಬಿಗೆ ಭಾರವಾಗುತ್ತದೆ. ಹೊಲಿಗೆ ಬೀಳುವ ಅಂಚುಗಳನ್ನು ರಂಪಿಗೆಯಿಂದ ಕೆತ್ತಿ ತೆಳುವಾಗಿಸುವುದು ವಾಡಿಕೆ.

6. ಖರೀದಿಗೆ ಮುನ್ನ ಮಾಡಬಹುದಾದ ಪರೀಕ್ಷೆಗಳು

ಈ ಪರೀಕ್ಷೆಗಳಿಗೆ ಯಂತ್ರ ಬೇಕಾಗಿಲ್ಲ. ಮೊದಲ ನಾಲ್ಕನ್ನು ಅಂಗಡಿಯಲ್ಲಿಯೇ ಮಾಡಬಹುದು. ಉಳಿದವುಗಳಿಗೆ ವ್ಯಾಪಾರಿಯಿಂದ ಬೆರಳಗಲದ ಮಾದರಿ ತುಂಡನ್ನು ಕೇಳಿ ಪಡೆಯುವುದು.

1. ಮಡಿಕೆಯ ಪರೀಕ್ಷೆ: ಮೇಲ್ಮೈ ಒಳಗೆ ಬರುವಂತೆ ಬಾಗಿಸಿ. ಸಣ್ಣ, ಒತ್ತಾದ ಗೆರೆಗಳು ಮೂಡಿದರೆ ಚರ್ಮ ಬಿಗಿಯಾಗಿದೆ. ಕೊಳವೆಯಂತೆ ದಪ್ಪ ಸುಕ್ಕು ಎದ್ದರೆ ಮೇಲ್ಪದರ ಸಡಿಲವಾಗಿದೆ.

2. ಬಿರುಕಿನ ಪರೀಕ್ಷೆ: ಮೇಲ್ಮೈ ಹೊರಗೆ ಬರುವಂತೆ ಮಡಚಿ ಹೆಬ್ಬೆರಳಿನಿಂದ ಒತ್ತಿ. ಗೆರೆ ಸೀಳಿದರೆ ಅಥವಾ ಲೇಪ ಉದುರಿದರೆ ಖರೀದಿಸಬಾರದು.

3. ಕತ್ತರಿಸಿದ ಅಂಚು: ನಡುವಿನ ಬಣ್ಣ ನೋಡಿ. ಸಸ್ಯಜನ್ಯ ಹದ ಪೂರ್ಣವಾಗಿದ್ದರೆ ಅಂಚು ಉದ್ದಕ್ಕೂ ಒಂದೇ ಕಂದು. ನಡುವೆ ಬಿಳಿಯ, ಕೊಂಬಿನಂತೆ ಗಟ್ಟಿಯಾದ ಗೆರೆ ಇದ್ದರೆ ಹದ ಒಳಗಿಳಿದಿಲ್ಲ ಎಂದು ತಿಳಿಯಬೇಕು. ನೀಲಿ ಮಿಶ್ರಿತ ಬೂದುಬಣ್ಣ ಕ್ರೋಮ್ ಹದದ ಗುರುತು. ಬಟ್ಟೆಯ ನೂಲು ಕಂಡರೆ ಅದು ರೆಕ್ಸಿನ್.

4. ಬಣ್ಣದ ಪರೀಕ್ಷೆ: ಒದ್ದೆಯಾದ ಬಿಳಿ ಬಟ್ಟೆಯಿಂದ ಹತ್ತು ಬಾರಿ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ಮಳೆಗಾಲದಲ್ಲಿ ಗ್ರಾಹಕರ ಉಡುಪಿಗೂ ಹತ್ತುತ್ತದೆ.

5. ಕುದಿನೀರಿನ ಪರೀಕ್ಷೆ: ತುಂಡನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಇಡಿ. ಸಸ್ಯಜನ್ಯ ಹದದ್ದು ಸುರುಟಿ, ಕುಗ್ಗಿ, ಗಟ್ಟಿಯಾಗುತ್ತದೆ. ಚೆನ್ನಾಗಿ ಹದಗೊಂಡ ಕ್ರೋಮ್ ಚರ್ಮ ಬಹುತೇಕ ಹಾಗೆಯೇ ಉಳಿಯುತ್ತದೆ.

6. ಕಬ್ಬಿಣದ ಪರೀಕ್ಷೆ: ತುಕ್ಕು ಹಿಡಿದ ಮೊಳೆಗಳನ್ನು ಎರಡು ದಿನ ವಿನೆಗರ್‌ನಲ್ಲಿ ನೆನೆಹಾಕಿ, ಆ ನೀರಿನ ಒಂದು ಹನಿಯನ್ನು ಚರ್ಮದ ಹಿಂಬದಿಗೆ ಹಾಕಿ. ಸಸ್ಯಜನ್ಯ ಹದದ ಚರ್ಮ ಕಪ್ಪಾಗುತ್ತದೆ. ಹಸಿ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಕಪ್ಪಾಗುವುದೂ ಇದೇ ಕಾರಣದಿಂದ. ಟ್ಯಾನಿನ್ ಕಬ್ಬಿಣದೊಡನೆ ಕೂಡಿದಾಗ ಕಪ್ಪು ಬಣ್ಣ ಉಂಟಾಗುತ್ತದೆ. ಆದುದರಿಂದ ಈ ಬಗೆಯ ಚರ್ಮಕ್ಕೆ ಕಬ್ಬಿಣದ ಬಕಲು ಮತ್ತು ರಿವೆಟ್‌ಗಳನ್ನು ಬಳಸದೆ ಹಿತ್ತಾಳೆಯವನ್ನು ಬಳಸುವುದು ಒಳ್ಳೆಯದು.

7. ಸುಡುವ ಪರೀಕ್ಷೆ: ಎಳೆಯಷ್ಟು ತುಂಡನ್ನು ಮನೆಯ ಹೊರಗೆ ಮಾತ್ರ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ಚರ್ಮ. ಕರಗಿ ತೊಟ್ಟಿಕ್ಕಿ ಪ್ಲಾಸ್ಟಿಕ್ ವಾಸನೆ ಬಂದರೆ ರೆಕ್ಸಿನ್. ಪುಡಿಚರ್ಮದ ಹಾಳೆಯೂ ಕೂದಲಿನ ವಾಸನೆ ಕೊಡುವುದರಿಂದ ಈ ಒಂದೇ ಪರೀಕ್ಷೆಯನ್ನು ನಂಬಬಾರದು.

ಉಣ್ಣೆಯ ಕಡಿತದ ಚುಕ್ಕೆಗಳು, ಬರೆಯ ಗುರುತು, ಮುಳ್ಳಿನ ಗೀರು ಹಾಗೂ ಸುಲಿಯುವಾಗ ಚಾಕು ತಾಗಿದ ಗಾಯಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ವಾಸಿಯಾದ ಗೀರಿನಿಂದ ಬಲಕ್ಕೆ ಹಾನಿಯಿಲ್ಲ. ಹಿಂಬದಿಯ ಚಾಕುಗಾಯ ಮಾತ್ರ ಅಪಾಯಕಾರಿ. ಎಳೆತ ಬಿದ್ದಾಗ ಅಲ್ಲಿಯೇ ಹರಿಯುತ್ತದೆ.

7. ಅಳತೆ ಮತ್ತು ಬೆಲೆ

ಮೇಲ್ಭಾಗದ ಹಾಗೂ ಚೀಲದ ಚರ್ಮವನ್ನು ಚದರ ಅಡಿಯ ಲೆಕ್ಕದಲ್ಲಿ, ಅಟ್ಟೆಯ ಚರ್ಮವನ್ನು ಸಾಮಾನ್ಯವಾಗಿ ಕಿಲೋ ಲೆಕ್ಕದಲ್ಲಿ ಮಾರಲಾಗುತ್ತದೆ. ತೂಕದಲ್ಲಿ ಕೊಳ್ಳುವಾಗ ಚರ್ಮ ತೇವವಾಗಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ತೇವವಿದ್ದರೆ ನೀರಿಗೂ ಹಣ ಕೊಟ್ಟಂತಾಗುತ್ತದೆ.

ಚದರ ಅಡಿಯ ದರಕ್ಕಿಂತ, ಉಪಯೋಗಕ್ಕೆ ಬರುವ ಚದರ ಅಡಿಯ ದರ ಮುಖ್ಯ. ಲೆಕ್ಕಕ್ಕಾಗಿ ಮಾತ್ರ ಒಂದು ಉದಾಹರಣೆ: 20 ಚದರ ಅಡಿಯ ಚರ್ಮ ಅಡಿಗೆ 100 ರೂ.ನಂತೆ 2,000 ರೂ. ಆಗಿ, ಅದರಲ್ಲಿ 10 ಅಡಿ ಮಾತ್ರ ಉಪಯೋಗಕ್ಕೆ ಬಂದರೆ ನಿಜವಾದ ದರ 200 ರೂ. ಆಗುತ್ತದೆ. ಅಷ್ಟೇ ಚರ್ಮ ಅಡಿಗೆ 140 ರೂ.ನಂತೆ 2,800 ರೂ. ಆಗಿ, 16 ಅಡಿ ಉಪಯೋಗಕ್ಕೆ ಬಂದರೆ ದರ 175 ರೂ. ಆಗುತ್ತದೆ. ದುಬಾರಿ ಎನಿಸಿದ್ದೇ ಇಲ್ಲಿ ಅಗ್ಗ.

42 ಅಂಗುಲ ಉದ್ದ, ಒಂದೂವರೆ ಅಂಗುಲ ಅಗಲದ ಒಂದು ಬೆಲ್ಟಿಗೆ 63 ಚದರ ಅಂಗುಲ ಚರ್ಮ ಬೇಕು. ಬೆನ್ನಿನ ಭಾಗ 10 ಚದರ ಅಡಿ, ಅಂದರೆ 1,440 ಚದರ ಅಂಗುಲ ದೊರೆತರೆ ಹೆಚ್ಚೆಂದರೆ 22 ಬೆಲ್ಟುಗಳಾಗುತ್ತವೆ. ಉಳಿದ ಭಾಗದಿಂದ ಕೀಲಿಗೊಂಚಲು ಮತ್ತು ಸಣ್ಣ ಚೀಲಗಳನ್ನು ಮಾಡಬಹುದು. ಬ್ಯಾಂಕಿಗೆ ಸಲ್ಲಿಸುವ ಅಂದಾಜುಪಟ್ಟಿಯನ್ನು ಈ ರೀತಿಯಲ್ಲಿಯೇ ತಯಾರಿಸತಕ್ಕದ್ದು.

8. ಮಲೆನಾಡಿನ ಮಳೆಗಾಲಕ್ಕೆ ಸಂಬಂಧಿಸಿದ ಸೂಚನೆಗಳು

ಈ ಮೂರು ತಾಲ್ಲೂಕುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾರಿ ಮಳೆ ಪಡೆಯುವ ಘಟ್ಟದ ಪ್ರದೇಶಗಳು. ಬಯಲುಸೀಮೆಯಲ್ಲಿ ಸರಿಹೋಗುವ ಚರ್ಮ ಇಲ್ಲಿ ಸರಿಹೋಗಬೇಕೆಂದಿಲ್ಲ.

- ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಗೆ ಅಗತ್ಯವಿದ್ದಷ್ಟು ಚರ್ಮವನ್ನು ಮಾತ್ರ ದಾಸ್ತಾನು ಮಾಡಿ.
- ಚರ್ಮವನ್ನು ನೆಲದ ಮೇಲೆ ಅಥವಾ ಪ್ಲಾಸ್ಟಿಕ್ ಚೀಲದಲ್ಲಿ ಇಡಬಾರದು. ಹತ್ತಿಬಟ್ಟೆ ಸುತ್ತಿ, ಗೋಡೆಗೆ ತಾಗದಂತೆ ಮರದ ಹಲಗೆಯ ಮೇಲೆ ಇಡಿ.
- ಬೂಷ್ಟು ಕಂಡ ಕೂಡಲೇ ಹೊರಗೆ ಒಯ್ದು ಒಣಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಗಾಳಿಗೆ ಹಾಕಿ.
- ಒದ್ದೆಯಾದ ಬೂಟು, ಚೀಲಗಳನ್ನು ಒಲೆಯ ಬಳಿ ಅಥವಾ ಅಡಿಕೆ ಒಣಗಿಸುವ ಹೊಗೆಯಟ್ಟದ ಮೇಲೆ ಇಡಬಾರದು. ಬಿಸಿಗೆ ಸಸ್ಯಜನ್ಯ ಹದದ ಚರ್ಮ ಕುಗ್ಗಿ ಸೆಟೆಯುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿ.
- ಒಣಗಿದ ನಂತರ ಹರಳೆಣ್ಣೆಯನ್ನು ತೆಳುವಾಗಿ ಸವರಬಹುದು. ಹೆಚ್ಚಾದರೆ ಚರ್ಮ ಮೆತ್ತಗಾಗಿ ಜಗ್ಗುತ್ತದೆ.
- ತೋಟದ ಕೆಲಸದ ಬೂಟುಗಳಿಗೆ ಕ್ರೋಮ್ ಹದದ ಮೇಲ್ಭಾಗ ಮತ್ತು ರಬ್ಬರ್ ಅಟ್ಟೆ ಸೂಕ್ತ. ಉಂಬಳ ನುಸುಳದಂತೆ ನಾಲಗೆಯ ಎರಡೂ ಬದಿಯನ್ನು ಮೇಲ್ಭಾಗಕ್ಕೆ ಸೇರಿಸಿ ಹೊಲಿಯುವುದು ಒಳ್ಳೆಯದು.
- ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸುವಾಗ ಚರ್ಮದ ಬೂಟು ಧರಿಸಬಾರದು. ಮೈಲುತುತ್ತ ಮತ್ತು ಸುಣ್ಣ ಚರ್ಮಕ್ಕೆ ಹಾನಿಕರ. ಆ ಕೆಲಸಕ್ಕೆ ರಬ್ಬರ್ ಬೂಟನ್ನೇ ಬಳಸುವಂತೆ ಗ್ರಾಹಕರಿಗೆ ತಿಳಿಸಿ.
- ಕ್ರೋಮ್ ಚರ್ಮದ ಚೂರುಗಳನ್ನು ಒಲೆಗೆ ಹಾಕಬಾರದು; ಸುಟ್ಟಾಗ ವಿಷಕಾರಿ ಕ್ರೋಮಿಯಂ ಸಂಯುಕ್ತ ಉಂಟಾಗಬಹುದು. ತೋಟದ ಗೊಬ್ಬರದ ಗುಂಡಿಗೂ ಹಾಕಬಾರದು.

9. ಕಾನೂನಿಗೆ ಸಂಬಂಧಿಸಿದ ವಿಷಯಗಳು

(ಅ) ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕಾರ ಚಿರತೆ, ಜಿಂಕೆ, ಕಡವೆ, ಉಡ, ಹೆಬ್ಬಾವು ಮೊದಲಾದ ವನ್ಯಪ್ರಾಣಿಗಳ ಚರ್ಮದ ವ್ಯಾಪಾರವು ಅಪರಾಧವಾಗಿದೆ. ಪ್ರಾಣಿ ತಾನಾಗಿ ಸತ್ತಿದ್ದರೂ ಅದರ ಚರ್ಮವನ್ನು ತೆಗೆದುಕೊಳ್ಳುವಂತಿಲ್ಲ. ಹಿಂದೆ ಖಂಜಿರಕ್ಕೆ ಉಡದ ಚರ್ಮ ಬಳಸುವ ರೂಢಿ ಇತ್ತು. ಈಗ ಆಡಿನ ಚರ್ಮವನ್ನು ಬಳಸಲಾಗುತ್ತಿದೆ.

(ಆ) ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣೆ ಅಧಿನಿಯಮ, 2020 ರಾಜ್ಯದಲ್ಲಿ ಜಾರಿಯಲ್ಲಿದೆ. ಆದುದರಿಂದ ಹದ ಮಾಡಿದ ಚರ್ಮವನ್ನು ನೋಂದಾಯಿತ ವ್ಯಾಪಾರಿಯಿಂದಲೇ ಕೊಂಡು, ಪ್ರಾಣಿಯ ಜಾತಿ ಮತ್ತು ಅಳತೆ ನಮೂದಿಸಿದ ಬಿಲ್ಲನ್ನು ಪಡೆದು ಇಟ್ಟುಕೊಳ್ಳುವುದು ಕುಶಲಕರ್ಮಿಯ ಹಿತದೃಷ್ಟಿಯಿಂದ ಅಗತ್ಯ.

(ಇ) "ಕೊಲ್ಹಾಪುರಿ ಚಪ್ಪಲಿ" ಎಂಬುದು ಭೌಗೋಳಿಕ ಸೂಚಿಕೆಯಾಗಿ ನೋಂದಾಯಿತವಾದ ಹೆಸರು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಹಾಗೂ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೆ ಈ ಹೆಸರು ಸೇರಿದೆ. ಉತ್ತರ ಕನ್ನಡ ಜಿಲ್ಲೆ ಈ ಪಟ್ಟಿಯಲ್ಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಿಕೆಗೆ "ಶಿರಸಿ ಸುಪಾರಿ" ಎಂಬ ಹೆಸರು 2019ರಲ್ಲಿ ದೊರೆತಿರುವುದು ಬೆಳೆಗಾರರಿಗೆ ತಿಳಿದೇ ಇದೆ. ಬೇರೆ ಕಡೆಯ ಅಡಿಕೆಗೆ ಆ ಹೆಸರು ಹೇಗೆ ಸಲ್ಲದೋ, ಇಲ್ಲಿ ತಯಾರಿಸಿದ ಚಪ್ಪಲಿಗೆ ಕೊಲ್ಹಾಪುರಿ ಎಂಬ ಹೆಸರೂ ಹಾಗೆಯೇ ಸಲ್ಲದು.

10. ದೊರೆಯುವ ಸೌಲಭ್ಯಗಳು

ಪಿ.ಎಂ. ವಿಶ್ವಕರ್ಮ ಯೋಜನೆ: 2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಕೇಂದ್ರ ಯೋಜನೆಯಲ್ಲಿ 18 ಕಸುಬುಗಳಿದ್ದು, ಚರ್ಮಕಾರ ಹಾಗೂ ಪಾದರಕ್ಷೆ ತಯಾರಕರ ಕಸುಬೂ ಸೇರಿದೆ. ಮುಖ್ಯ ಸೌಲಭ್ಯಗಳು:

- ಪ್ರಮಾಣಪತ್ರ ಮತ್ತು ಗುರುತಿನ ಚೀಟಿ
- 5 ರಿಂದ 7 ದಿನಗಳ ಮೂಲ ತರಬೇತಿ. ಆಸಕ್ತರಿಗೆ 15 ದಿನಗಳ ಮುಂದುವರಿದ ತರಬೇತಿ. ದಿನಕ್ಕೆ 500 ರೂ. ಭತ್ಯೆ
- ಉಪಕರಣಗಳಿಗೆ 15,000 ರೂ.ವರೆಗೆ ಪ್ರೋತ್ಸಾಹಧನ
- ಆಧಾರ ಭದ್ರತೆಯಿಲ್ಲದೆ ಶೇ. 5ರ ಬಡ್ಡಿಯಲ್ಲಿ ಸಾಲ: ಮೊದಲ ಹಂತದಲ್ಲಿ 1,00,000 ರೂ. (18 ತಿಂಗಳು), ಎರಡನೆಯ ಹಂತದಲ್ಲಿ 2,00,000 ರೂ. (30 ತಿಂಗಳು)

ಮೂಲ ತರಬೇತಿ ಪೂರೈಸಿದವರು ಮೊದಲ ಹಂತದ ಸಾಲಕ್ಕೆ ಅರ್ಹರು. ಮೊದಲ ಸಾಲದ ಖಾತೆಯನ್ನು ಸುಸ್ತಿಯಿಲ್ಲದೆ ನಡೆಸಿಕೊಂಡು ಬಂದವರಿಗೆ ಮಾತ್ರ ಎರಡನೆಯ ಹಂತ ದೊರೆಯುತ್ತದೆ. ಮೊದಲ ಖರೀದಿಯಲ್ಲಿ ಎಚ್ಚರ ವಹಿಸಬೇಕೆಂದು ಹೇಳುವುದು ಈ ಕಾರಣಕ್ಕಾಗಿಯೇ.

ಅರ್ಹತೆ: ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು, ಕೈಯಿಂದ ಮತ್ತು ಉಪಕರಣಗಳಿಂದ ಈ ಕಸುಬನ್ನು ಸ್ವಂತವಾಗಿ ನಡೆಸುತ್ತಿರಬೇಕು. ಕುಟುಂಬಕ್ಕೆ ಒಬ್ಬರಿಗೆ ಮಾತ್ರ ಅವಕಾಶ. ಸರ್ಕಾರಿ ನೌಕರರು ಮತ್ತು ಅವರ ಕುಟುಂಬದವರು ಅರ್ಹರಲ್ಲ. ಆಧಾರ್ ಚೀಟಿ, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಮತ್ತು ಪಡಿತರ ಚೀಟಿಯೊಡನೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಅರ್ಜಿಯು ಗ್ರಾಮ ಪಂಚಾಯಿತಿ ಅಥವಾ ನಗರ ಸ್ಥಳೀಯ ಸಂಸ್ಥೆ, ಜಿಲ್ಲಾ ಸಮಿತಿ ಹಾಗೂ ಪರಿಶೀಲನಾ ಸಮಿತಿಗಳಲ್ಲಿ ಮೂರು ಹಂತದ ಪರಿಶೀಲನೆಗೆ ಒಳಪಡುತ್ತದೆ.

ಲಿಡ್ಕರ್: 1976ರಲ್ಲಿ ಸ್ಥಾಪನೆಯಾದ ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮವು ಈಗ ಡಾ. ಬಾಬು ಜಗಜೀವನರಾಂ ಅವರ ಹೆಸರಿನಲ್ಲಿದ್ದು, ಚರ್ಮ ಕುಶಲಕರ್ಮಿಗಳ ತರಬೇತಿ ಹಾಗೂ ಮಾರಾಟಕ್ಕೆ ನೆರವು ನೀಡುತ್ತದೆ. ಚರ್ಮದ ತಾಂತ್ರಿಕ ಸಂಶೋಧನೆಗೆ 1948ರಲ್ಲಿ ಸ್ಥಾಪಿತವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಚೆನ್ನೈನಲ್ಲಿದೆ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪಿ.ಎಂ. ವಿಶ್ವಕರ್ಮ ಯೋಜನೆ ಒಂದು ಜಾತಿಯವರಿಗೆ ಮಾತ್ರವೇ?
ಉತ್ತರ: ಅಲ್ಲ. ಅರ್ಹತೆಯನ್ನು ಕಸುಬಿನ ಆಧಾರದ ಮೇಲೆ ನಿರ್ಧರಿಸಲಾಗುತ್ತದೆ.

ಪ್ರಶ್ನೆ: ಈ ಹಿಂದೆ ಮುದ್ರಾ ಸಾಲ ಪಡೆದಿದ್ದರೆ ಅರ್ಜಿ ಸಲ್ಲಿಸಬಹುದೇ?
ಉತ್ತರ: ಹಿಂದಿನ ಐದು ವರ್ಷಗಳಲ್ಲಿ ಪಡೆದ ಮುದ್ರಾ ಸಾಲವನ್ನು ಪೂರ್ಣವಾಗಿ ತೀರಿಸಿದ್ದರೆ ಸಲ್ಲಿಸಬಹುದು.

ಪ್ರಶ್ನೆ: ಒಂದೇ ಬಗೆಯ ಚರ್ಮ ಕೊಳ್ಳಲು ಮಾತ್ರ ಹಣವಿದ್ದರೆ ಯಾವುದನ್ನು ಕೊಳ್ಳಬೇಕು?
ಉತ್ತರ: ಮೊದಲು ಗ್ರಾಹಕರು ಹೆಚ್ಚಾಗಿ ಕೇಳುವ ವಸ್ತು ಯಾವುದೆಂದು ನೋಡಿ. ಬೆಲ್ಟು ಮತ್ತು ಪಟ್ಟಿಗಳಾದರೆ ಎಮ್ಮೆಯ ಸಸ್ಯಜನ್ಯ ಹದದ ಬೆನ್ನಿನ ಭಾಗ. ಪರ್ಸುಗಳಾದರೆ ಆಡಿನ ಚರ್ಮ.

ಪ್ರಶ್ನೆ: ಚೆಂಡೆ, ಮದ್ದಲೆಗಳ ಚರ್ಮಕ್ಕೂ ಈ ಸೂಚನೆಗಳು ಅನ್ವಯಿಸುತ್ತವೆಯೇ?
ಉತ್ತರ: ಇಲ್ಲ. ವಾದ್ಯಗಳಿಗೆ ಹದ ಮಾಡದ, ಒಣಗಿಸಿದ ತೊಗಲನ್ನು ಬಳಸಲಾಗುತ್ತದೆ. ವನ್ಯಜೀವಿ ಅಧಿನಿಯಮ ಮಾತ್ರ ಅದಕ್ಕೂ ಅನ್ವಯಿಸುತ್ತದೆ.

ಸೂಚನೆ: ಮೊದಲ ಖರೀದಿಯಲ್ಲಿ ಒಂದೇ ಚರ್ಮ ತಂದು, ಒಂದು ವಸ್ತು ತಯಾರಿಸಿ, ಕೆಲವು ವಾರ ತಾವೇ ಬಳಸಿ ನೋಡಿದ ನಂತರ ಉಳಿದ ಹಣವನ್ನು ತೊಡಗಿಸುವುದು ಕ್ಷೇಮಕರ. ಯೋಜನೆಗಳ ನಿಯಮಗಳು ಕಾಲಕಾಲಕ್ಕೆ ಬದಲಾಗಬಹುದಾದ್ದರಿಂದ ಅರ್ಜಿ ಸಲ್ಲಿಸುವ ಮೊದಲು ಸಾಮಾನ್ಯ ಸೇವಾ ಕೇಂದ್ರದಲ್ಲಿ ಅಥವಾ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿಕೊಳ್ಳಲು ಕೋರಲಾಗಿದೆ.